ಬ್ಯೂರೆಟ್ಟು, ಬಸವನಹುಳು ಮತ್ತು ದೊಡ್ಡಮ್ಮನ ಪ್ರಶ್ನೆ

ಸಿಡ್ನಿಯಲ್ಲೋ ಮೆಲ್ಬರ್ನ್‌ನಲ್ಲೋ ಇರುವ ಕನ್ನಡದ ಮನೆಯ ಹುಡುಗಿ ಸೈನ್ಸು ಮತ್ತು ಲಾ ಎರಡನ್ನೂ ಸೇರಿಸಿ ಡಬಲ್ ಡಿಗ್ರಿಗೆ ಹೊರಟಳೆಂದರೆ ಮೊದಲ ವೈವಾ ನಡೆಯುವುದು ಊರಿನಿಂದ ಬರುವ ಫೋನಿನಲ್ಲಿ. "ಸೈನ್ಸ್ ಓದೋಳು ಲಾಯರ್ ಯಾಕಾಗ್ಬೇಕೇ? ಮಾರ್ಕ್ಸ್ ಕಮ್ಮಿ ಬಂತಾ?" ಎನ್ನುತ್ತಾರೆ ದೊಡ್ಡಮ್ಮ. ಅಲ್ಲಿ ಸಾಮಾನ್ಯವಾಗಿ ಸೈನ್ಸಿಗಿಂತ ಲಾ ಸೀಟಿಗೇ ಹೆಚ್ಚು ಅಂಕ ಬೇಕು ಎಂದು ಎಷ್ಟು ಹೇಳಿದರೂ ಆ ಕಡೆಯಿಂದ ಬರುವುದು ಒಂದು ಉದ್ದನೆಯ "ಹೂಂ" ಮಾತ್ರ.

ಕೋರ್ಸಿನ ಲೆಕ್ಕವೂ ದೊಡ್ಡಮ್ಮನಿಗೆ ಒಪ್ಪಿಗೆಯಾಗುವಂಥದ್ದಲ್ಲ. ಸೈನ್ಸ್ ಒಂದನ್ನೇ ಓದಿದರೆ ಮೂರು ವರ್ಷ, ಲಾ ಒಂದನ್ನೇ ಓದಿದರೆ ನಾಲ್ಕು. ಕೂಡಿದರೆ ಏಳಾಗಬೇಕಲ್ಲ, ಆಗುವುದು ಐದು. ಎರಡೂ ಕಡೆಯ ಐಚ್ಛಿಕ ವಿಷಯಗಳ ಜಾಗವನ್ನು ಇನ್ನೊಂದು ಡಿಗ್ರಿ ನುಂಗಿಹಾಕುವುದೇ ಇದಕ್ಕೆ ಕಾರಣ. ಎರಡು ಊಟಕ್ಕೆ ಟೋಕನ್ ತೆಗೆದುಕೊಂಡರೆ ಅನ್ನ ಸಾರು ಎರಡರದ್ದೂ ಬಂತು, ಹಪ್ಪಳ ಪಾಯಸ ಮಾತ್ರ ಮಾಯ. ಸೆಮಿಸ್ಟರಿಗೆ ನಾಲ್ಕು ವಿಷಯ, ಒಟ್ಟು ನಲವತ್ತರ ಆಸುಪಾಸು. ಲಾಯರಾಗಬೇಕಿದ್ದರೆ ಅದರಲ್ಲಿ 'ಪ್ರೀಸ್ಟ್ಲಿ ಇಲೆವೆನ್' ಎಂಬ ಹನ್ನೊಂದು ಕಡ್ಡಾಯ ಕ್ಷೇತ್ರಗಳು ಇರಲೇಬೇಕು. ಹೆಸರು ಕೇಳಿದರೆ ಯಾವುದೋ ಕ್ರಿಕೆಟ್ ತಂಡ ಅನ್ನಿಸುತ್ತದೆ. ಅದು ಪ್ರೀಸ್ಟ್ಲಿ ಎಂಬ ನ್ಯಾಯಮೂರ್ತಿ ಮುಖ್ಯಸ್ಥರಾಗಿದ್ದ ಸಮಿತಿ ಗೊತ್ತುಮಾಡಿದ ಪಟ್ಟಿ.

ನಿಜವಾದ ಪೇಚಾಟ ಶುರುವಾಗುವುದು ಟೈಮ್‌ಟೇಬಲ್‌ನಲ್ಲಿ. ಫ್ಯಾಕಲ್ಟಿ ಎರಡು, ಆಫೀಸು ಎರಡು, ಒಬ್ಬರ ವೇಳಾಪಟ್ಟಿ ಇನ್ನೊಬ್ಬರಿಗೆ ತಿಳಿಯದು. ಮೂರು ಗಂಟೆಯ ಕೆಮಿಸ್ಟ್ರಿ ಪ್ರ್ಯಾಕ್ಟಿಕಲ್ಲಿನ ನಟ್ಟನಡುವೆ ಟಾರ್ಟ್ಸ್ (ಒಬ್ಬರಿಂದ ಇನ್ನೊಬ್ಬರಿಗಾದ ಹಾನಿಗೆ ಪರಿಹಾರ ಕೊಡಿಸುವ ಕಾನೂನು) ಟ್ಯುಟೋರಿಯಲ್ ಬಂದು ಕೂತಿರುತ್ತದೆ. ಇವರನ್ನು ಕೇಳಿದರೆ "ಅವರನ್ನು ಕೇಳಿ" ಅನ್ನುತ್ತಾರೆ, ಅವರನ್ನು ಕೇಳಿದರೆ ಇವರತ್ತ ಬೆರಳು ತೋರಿಸುತ್ತಾರೆ. ನಮ್ಮ ತಾಲೂಕು ಕಚೇರಿಗೆ ಅಲೆದವರಿಗೆ ಇದೇನೂ ಹೊಸದಲ್ಲ. ಇದಕ್ಕೆ ಮದ್ದು ಒಂದೇ. ಐದು ವರ್ಷದ ಹಾಳೆಯಲ್ಲಿ ಮೊದಲು ಸೈನ್ಸಿನ ಸರಪಳಿ ಬರೆದುಕೊಳ್ಳಬೇಕು, ಆಮೇಲೆ ಉಳಿದ ಸಂದಿಗಳಲ್ಲಿ ಲಾ ತುರುಕಬೇಕು. ಒಂದನೇ ಕೆಮಿಸ್ಟ್ರಿ ಆಗದೆ ಎರಡನೆಯದಿಲ್ಲ, ಎರಡನೆಯದಾಗದೆ ಆರ್ಗ್ಯಾನಿಕ್ ಇಲ್ಲ. ವರ್ಷಕ್ಕೊಮ್ಮೆ ಮಾತ್ರ ನಡೆಯುವ ವಿಷಯ ತಪ್ಪಿದರೆ ಇಡೀ ಬಂಡಿ ಒಂದು ವರ್ಷ ಅಲ್ಲೇ ನಿಂತಿತು. ವಿಷಯ ಬಿಡುವುದಿದ್ದರೂ 'ಸೆನ್ಸಸ್ ಡೇಟ್' ಒಳಗೇ ಬಿಡಬೇಕು. ಇದನ್ನು ಜನಗಣತಿ ಎಂದುಕೊಂಡು ಸುಮ್ಮನಿದ್ದವರಿಗೆ ವಿಷಯವೂ ಇಲ್ಲ, ಫೀಸೂ ವಾಪಸ್ ಇಲ್ಲ. ಶುಲ್ಕದಲ್ಲಿ ಲಾ ವಿಷಯಗಳು ಅಲ್ಲಿನ ಅತಿ ದುಬಾರಿ ಪಟ್ಟಿಗೆ ಸೇರಿದವು ಎಂಬುದು ನೆನಪಿದ್ದರೆ ಹೊಟ್ಟೆ ಇನ್ನಷ್ಟು ಉರಿಯುತ್ತದೆ.

ಇನ್ನು ಒಂದೇ ದಿನ ಲ್ಯಾಬೂ ಮೂಟ್ ಕೋರ್ಟೂ (ವಿದ್ಯಾರ್ಥಿಗಳು ವಾದ ಕಲಿಯುವ ಅಣಕು ನ್ಯಾಯಾಲಯ) ಬಂದರೆ? ಬೆಳಿಗ್ಗೆ ಟೈಟ್ರೇಷನ್, ಅಂದರೆ ಬಣ್ಣ ಬದಲಾಗುವವರೆಗೆ ಹನಿಹನಿಯಾಗಿ ದ್ರಾವಣ ಬೆರೆಸಿ ಅಳೆಯುವ ಪ್ರಯೋಗ. ಬ್ಯೂರೆಟ್ಟೆಂಬ ಅಳತೆಗೊಳವೆಯಿಂದ ಒಂದು ಹನಿ ಹೆಚ್ಚು ಬಿದ್ದರೂ ಫಿನಾಲ್ಫ್ತಲೀನ್ ಎಂಬ ಸೂಚಕ ತೆಳುಗುಲಾಬಿಯಿಂದ ಮದುವೆಮನೆಯ ರಾಣಿಬಣ್ಣಕ್ಕೆ ಜಿಗಿಯುತ್ತದೆ, ಮತ್ತೆ ಮೊದಲಿಂದ. ಅದೂ ಇರಲಿ ಅನ್ನಬಹುದು. ಸಿಲ್ವರ್ ನೈಟ್ರೇಟ್ ಮಾತ್ರ ಹಿತಶತ್ರು. ಗ್ಲೌಸ್ ಹಾಕದ ಬೆರಳಿಗೆ ತಾಗಿದಾಗ ಬರೀ ನೀರಿನ ಹಾಗಿರುತ್ತದೆ. ಬೆಳಕು ಬಿದ್ದ ಮೇಲೆ ಮೆಲ್ಲನೆ ಬೆಳ್ಳಿಯ ಕಣ ಬಿಟ್ಟು ಚರ್ಮ ಕಪ್ಪಾಗುತ್ತದೆ, ಯಾವ ಸೋಪಿಗೂ ಜಗ್ಗುವುದಿಲ್ಲ. ಬೆಳಿಗ್ಗೆ ತಾಗಿದ್ದು ಮಧ್ಯಾಹ್ನ, ಸರಿಯಾಗಿ "ಯುವರ್ ಆನರ್" ಎಂದು ಕೈ ಎತ್ತುವ ಹೊತ್ತಿಗೆ ಕಾಣಿಸಿಕೊಳ್ಳುತ್ತದೆ. ವಾದಿಸುತ್ತಿರುವುದು ಪ್ರತಿವಾದಿಯ ಪರ. ಬೆರಳು ನೋಡಿದರೆ ಈಗಷ್ಟೇ ಠಾಣೆಯಲ್ಲಿ ಅಚ್ಚೊತ್ತಿಸಿಕೊಂಡು ಬಂದಂತಿರುತ್ತದೆ.

ಭಾಷೆಯ ಎಡವಟ್ಟುಗಳದ್ದೇ ಒಂದು ದೊಡ್ಡ ಕಂತೆ. ಚೌಕದ ಆವರಣ ಕಂಡರೆ ಕೆಮಿಸ್ಟ್ರಿಯವರಿಗೆ ಸಾಂದ್ರತೆ. ಲಾಯರಿಗೆ [1932] ಅಂದರೆ ಆ ತೀರ್ಪು ಸಂಪುಟದಲ್ಲಿ ಸಿಗಬೇಕಾದರೆ ಇಸವಿಯೇ ದಾರಿ ಎಂದರ್ಥ. ಸಂಪುಟಕ್ಕೆ ಬೇರೆ ಕ್ರಮಸಂಖ್ಯೆ ಇದ್ದರೆ ಆವರಣ ದುಂಡಗಾಗುತ್ತದೆ. ಕೇಸಿನ ಎರಡು ಹೆಸರುಗಳ ಮಧ್ಯದ 'ವಿ' ಫಿಸಿಕ್ಸಿನಲ್ಲಿ ವೇಗ. ಆಸ್ಟ್ರೇಲಿಯಾದ ಕೋರ್ಟಿನಲ್ಲಿ ಸಿವಿಲ್ ಕೇಸಾದರೆ ಅದನ್ನು 'ಆ್ಯಂಡ್' ಎಂದು ಓದಬೇಕು, ಕ್ರಿಮಿನಲ್ ಆದರೆ 'ಅಗೇನ್‌ಸ್ಟ್' ಎಂದು. 'ವರ್ಸಸ್' ಅಂದವರು ಟಿವಿ ನೋಡಿ ಕಾನೂನು ಕಲಿತವರು. 'ರೇಶಿಯೋ ಹುಡುಕಿ' ಎಂದ ಮಾತಿಗೆ ಕ್ಯಾಲ್ಕ್ಯುಲೇಟರ್ ತೆಗೆದರೂ ಎಡವಟ್ಟೇ. ಕೇಳಿದ್ದು ತೀರ್ಪಿಗೆ ಆಧಾರವಾದ ಕಾರಣವನ್ನು.

ಲ್ಯಾಬ್ ರಿಪೋರ್ಟಿನ ಭಾಷೆ ಸರ್ಕಾರಿ ಸುತ್ತೋಲೆಯ ತಂಗಿ. ದ್ರಾವಣವನ್ನು ಕಾಯಿಸಲಾಯಿತು, ಸೋಸಲಾಯಿತು, ತೂಗಲಾಯಿತು. ಯಾರು ಅಂತ ಯಾರೂ ಕೇಳುವುದಿಲ್ಲ. ಅದೇ ಅಭ್ಯಾಸಬಲದಲ್ಲಿ ಲಾ ಉತ್ತರಪತ್ರಿಕೆಯಲ್ಲಿ "ಬಾಟಲಿಯಲ್ಲಿ ಬಸವನಹುಳು ಕಂಡುಬಂದಿತು" ಎಂದು ಬರೆದರೆ ಮಾರ್ಕು ಹೋಯಿತು. ಬಾಟಲಿ ತುಂಬಿದ್ದು ಯಾರು, ಕೊಂಡಿದ್ದು ಯಾರು, ಕುಡಿದಿದ್ದು ಯಾರು ಎಂಬುದೇ ಅಲ್ಲಿ ಪ್ರಶ್ನೆ.

ಆ ಬಸವನಹುಳುವಿನ ಮುಂದೆ ಪ್ರತಿ ಸೈನ್ಸ್ ವಿದ್ಯಾರ್ಥಿಯೂ ಒಮ್ಮೆ ಮುಗ್ಗರಿಸಿಯೇ ತೀರಬೇಕು. 1928ರ ಆಗಸ್ಟಿನಲ್ಲಿ ಸ್ಕಾಟ್ಲೆಂಡಿನ ಪೇಸ್ಲಿಯ ಒಂದು ಕೆಫೆಯಲ್ಲಿ ಮೇ ಡೊನೊಹ್ಯೂ ಎಂಬಾಕೆಗೆ ಗೆಳತಿ ಜಿಂಜರ್ ಬಿಯರ್ ಕೊಡಿಸಿದಳು. ಒಳಗಿರುವುದು ಕಾಣದ ಗಾಢಬಣ್ಣದ ಬಾಟಲಿ. ಅರ್ಧ ಕುಡಿದಾದ ಮೇಲೆ ಉಳಿದದ್ದನ್ನು ಬಗ್ಗಿಸಿದರೆ ಕೊಳೆತ ಬಸವನಹುಳು ಬಿತ್ತು ಎಂಬುದು ಆಕೆಯ ದೂರು. ದುಡ್ಡು ಕೊಟ್ಟವಳು ಗೆಳತಿಯಾದ್ದರಿಂದ ಡೊನೊಹ್ಯೂಗೆ ಕರಾರಿನ ಆಸರೆ ಇರಲಿಲ್ಲ. ತಯಾರಕನಿಗೆ ಕಡೆಯ ಬಳಕೆದಾರರ ಬಗ್ಗೆಯೂ ಎಚ್ಚರಿಕೆಯ ಹೊಣೆ ಇದೆ ಎಂದು 1932ರಲ್ಲಿ ಆಗಿನ ಬ್ರಿಟನ್ನಿನ ಕಡೆಯ ಮೇಲ್ಮನವಿ ಕೋರ್ಟಾದ ಹೌಸ್ ಆಫ್ ಲಾರ್ಡ್ಸ್ ಮೂರು–ಎರಡು ಮತದಿಂದ ಹೇಳಿತು. ಇಲ್ಲಿ ಸೈನ್ಸ್ ಹುಡುಗಿ ಕೈ ಎತ್ತುತ್ತಾಳೆ: "ಹುಳುವನ್ನು ಪರೀಕ್ಷೆ ಮಾಡಿದ್ದು ಯಾರು?" ಯಾರೂ ಇಲ್ಲ. ದೂರಿನಲ್ಲಿ ಹೇಳಿದ್ದೆಲ್ಲ ನಿಜವೆಂದು ಇಟ್ಟುಕೊಂಡರೆ ಕಾನೂನು ಏನನ್ನುತ್ತದೆ ಎಂಬಷ್ಟೇ ತೀರ್ಮಾನವಾದದ್ದು. ಆಮೇಲೆ ತಯಾರಕ ಸ್ಟೀವನ್‌ಸನ್ ತೀರಿಕೊಂಡ, ಕೇಸು ರಾಜಿಯಲ್ಲಿ ಮುಗಿಯಿತು, ಹುಳು ಇತ್ತೆಂದು ಕಡೆಗೂ ಸಾಬೀತಾಗಲಿಲ್ಲ. ಸ್ಯಾಂಪಲ್ ಇಲ್ಲದೆ, ಮರುಪ್ರಯೋಗ ಇಲ್ಲದೆ ತೊಂಬತ್ತು ವರ್ಷದಿಂದ ನಿಂತಿರುವ ಸಿದ್ಧಾಂತ! ಲ್ಯಾಬಿನಲ್ಲಿ 0.1 ಮಿಲಿಲೀಟರ್ ಹೆಚ್ಚುಕಮ್ಮಿಯಾದದ್ದಕ್ಕೆ ಟೈಟ್ರೇಷನ್ ಮತ್ತೆ ಮಾಡಿ ಬಂದವಳಿಗೆ ಅವತ್ತು ಊಟ ಸೇರುವುದಿಲ್ಲ.

ಸೇಡು ತೀರಿಸಿಕೊಳ್ಳಲು ಅವಳು ಕಾಯುವುದು ಪೇಟೆಂಟ್ ತರಗತಿಗೆ. ಸ್ತನ ಕ್ಯಾನ್ಸರಿಗೆ ನಂಟಿರುವ ಬಿಆರ್‌ಸಿಎ1 ಜೀನನ್ನು ದೇಹದಿಂದ ಬೇರ್ಪಡಿಸಿದರೆ ಅದಕ್ಕೆ ಪೇಟೆಂಟ್ ಸಿಗುತ್ತದೆಯೇ ಎಂಬ ಡಾರ್ಸಿ–ಮಿರಿಯಡ್ ಕೇಸು. ಇದು ನನ್ನ ಹೊಲ ಎಂದುಕೊಂಡು ಡಿಎನ್ಎ ಎಳೆಯನ್ನು ಜೋಡಿಸುವ ಫಾಸ್ಫೋಡೈಎಸ್ಟರ್ ಬಂಧ ಎಲ್ಲಿ ತುಂಡಾಗುತ್ತದೆ, ತುದಿಯಲ್ಲಿ ಏನು ಉಳಿಯುತ್ತದೆ ಎಂದು ಮೂರು ಪುಟ ಚಿತ್ರ ಸಹಿತ ಬರೆಯುತ್ತಾಳೆ. ಹೈಕೋರ್ಟ್, ಅಂದರೆ ಅಲ್ಲಿನ ಸರ್ವೋಚ್ಚ ನ್ಯಾಯಾಲಯ, 2015ರಲ್ಲಿ ಹೇಳಿದ್ದೇ ಬೇರೆ: ಅದು ರಾಸಾಯನಿಕ ವಸ್ತುವಿನ ವೇಷದಲ್ಲಿದ್ದರೂ ಅದರ ತಿರುಳು ಮಾಹಿತಿ, ಆ ಮಾಹಿತಿ ಮನುಷ್ಯ ಮಾಡಿದ್ದಲ್ಲ, ಆದ್ದರಿಂದ ಪೇಟೆಂಟ್ ಇಲ್ಲ. ಮೂರು ಪುಟದ ಪಕ್ಕದಲ್ಲಿ ಟ್ಯೂಟರ್ ಬರೆಯುವುದು ಒಂದೇ ಪದ, "ಇಶ್ಯೂ?"

ಪರೀಕ್ಷೆಯಲ್ಲಿ ಲಾ ಎಷ್ಟೋ ಸಲ ಓಪನ್ ಬುಕ್. ಇನ್ನೂರು ಪುಟದ ನೋಟ್ಸಿಗೆ ಬಣ್ಣಬಣ್ಣದ ಚೀಟಿ ಅಂಟಿಸಿಕೊಂಡು ಹೋದವರಿಗೆ ಪುಟ ತಿರುವುವುದರಲ್ಲೇ ಗಂಟೆ ಬಾರಿಸುತ್ತದೆ. ಎರಡು ಹಾಳೆಯ ಸಾರಾಂಶ, ಜೊತೆಗೊಂದು ಪರಿವಿಡಿ ಇದ್ದರೆ ಸಾಕು. ಬರೆಯುವಾಗ ಸಮಸ್ಯೆ, ನಿಯಮ, ಅನ್ವಯ, ತೀರ್ಮಾನ ಎಂಬ ಕ್ರಮ. ಅಂಕದ ಬಹುಪಾಲು ಅನ್ವಯದಲ್ಲಿದೆ. ಉತ್ತರ ಬರೆದು ಎರಡು ಗೆರೆ ಎಳೆಯುವ ಸೈನ್ಸ್ ಚಾಳಿ ಇಲ್ಲಿ ಮುಳುವು.

ಐದು ವರ್ಷ ಮುಗಿದು ಎರಡು ಪದವಿಪತ್ರ ಗೋಡೆಗೇರಿದ ಮೇಲೆ ದೊಡ್ಡಮ್ಮನ ಫೋನು ಮತ್ತೆ ಬರುತ್ತದೆ. "ಈಗ ಏನಾಗ್ತೀಯೇ?" ಪೇಟೆಂಟ್ ಅಟಾರ್ನಿ (ಪೇಟೆಂಟಿಗೆ ಅರ್ಜಿ ಬರೆದುಕೊಡುವ ತಜ್ಞೆ) ಎಂಬ ಉತ್ತರ ಸಿದ್ಧವಿದೆ. ಆಸ್ಟ್ರೇಲಿಯಾದಲ್ಲಿ ಆ ಕೆಲಸಕ್ಕೆ ಸೈನ್ಸ್ ಅಥವಾ ಎಂಜಿನಿಯರಿಂಗ್‌ನಂಥ ತಾಂತ್ರಿಕ ಪದವಿ, ಬೌದ್ಧಿಕ ಆಸ್ತಿಯ ಕೆಲವು ಕೋರ್ಸು, ಒಂದಿಷ್ಟು ಅನುಭವ ಬೇಕು. ಲಾ ಡಿಗ್ರಿ ಬೇಕಿಲ್ಲ.

"ಮತ್ತೆ ಲಾ ಯಾಕೆ ಓದಿದ್ಯೇ?"