ದುಂಡಗಿನ ಮೈದಾನದ ಮೂಲೆ

ನಮ್ಮ ಕಾಕಾ ಸರ್ವೇ ಇಲಾಖೆಯಲ್ಲಿ ಮೂವತ್ತು ವರ್ಷ ಸರಪಳಿ ಎಳೆದು ರಿಟೈರ್ ಆದವರು. ವಿಜಯಪುರದ ಸುತ್ತಮುತ್ತಲಿನ ಹೊಲಗಳ ಬದು ಅವರಿಗೆ ಬಾಯಿಪಾಠ. ಮೊದಲೆಲ್ಲ ಕ್ರಿಕೆಟ್ ಅಂದರೆ ಅಷ್ಟಕ್ಕಷ್ಟೇ. ಒಂದು ದಿನ ಮಾತಿನ ನಡುವೆ ನಾನು ಪಿಚ್ ಉದ್ದ 22 ಗಜ ಅಂದೆ. ಕಾಕಾ ಬಾಯಲ್ಲೇ ಲೆಕ್ಕ ಹಾಕಿದರು.

"ಅಂದ್ರ 66 ಫೂಟ್. ಇಂಗ್ಲಿಷರ ಸರ್ವೇ ಸರಪಳಿ ಬರೋಬ್ಬರಿ ಅಷ್ಟ ಉದ್ದ ಇತ್ತು. ಹಂಗಾದ್ರ ಇದು ನಮ್ಮ ಡಿಪಾರ್ಟ್‌ಮೆಂಟಿನ ಆಟ!"

ಅವತ್ತಿನಿಂದ ಐಪಿಎಲ್ ಇದ್ದ ದಿನ ಸಂಜೆ ಏಳೂವರೆಗೆ ನಮ್ಮ ಮನೆಯಲ್ಲಿ ಹಾಜರು. ಒಂದು ಕೈಯಲ್ಲಿ ಮಿರ್ಚಿ ಭಜಿ, ಇನ್ನೊಂದರಲ್ಲಿ ರಿಮೋಟ್. ಆಟದ ಬಗ್ಗೆ ಅವರದೇನೂ ತಕರಾರಿಲ್ಲ. ತಕರಾರೆಲ್ಲ ಕಾಮೆಂಟ್ರಿಯ ಮೇಲೆ.

ಜಗಳ ಶುರುವಾದದ್ದು ಮೂಲೆಯಿಂದ. ಟಿವಿಯವನು ಉತ್ಸಾಹದಲ್ಲಿ, "ಮೈದಾನದ ಮೂಲೆ ಮೂಲೆಗೂ ಚೆಂಡನ್ನು ಅಟ್ಟುತ್ತಿದ್ದಾರೆ" ಅಂದ. ಕಾಕಾ ಭಜಿ ಕೆಳಗಿಟ್ಟರು.

"ತಮ್ಮಾ, ಈ ಗ್ರೌಂಡ್ ದುಂಡಗ ಐತಿ, ಹೌದಿಲ್ಲೋ?"

"ಹೌದ್ರಿ ಕಾಕಾ."

"ಮತ್ತ ಮೂಲಿ ಎಲ್ಲಿಂದ ಬಂತು?"

ನಾನು ಸುಮ್ಮನಾದೆ. "ಮೂಲಿ ಇದ್ರ ಅದು ಪ್ಲಾಟ್. ಪ್ಲಾಟ್ ಆದ್ರ ಚಕ್ಕಬಂದಿ ಹೇಳ್ಲಿ. ಪೂರ್ವಕ್ಕ ಯಾರದು, ಪಶ್ಚಿಮಕ್ಕ ಯಾರದು?" ಅಂತ ಕಾಕಾ ಟಿವಿಗೇ ನೋಟಿಸ್ ಕೊಟ್ಟರು. ಟಿವಿಯವನು ಆಗಲೇ ಮುಂದಿನ ಮಾತಿಗೆ ಹೋಗಿದ್ದ. "ಬೌಲರ್ ಸತತವಾಗಿ ಒಳ್ಳೆಯ ಏರಿಯಾದಲ್ಲಿ ಚೆಂಡು ಹಾಕುತ್ತಿದ್ದಾರೆ."

ಇದು ಇನ್ನೂ ಕೆಟ್ಟದ್ದು. ರಿಟೈರ್ ಆದ ಸರ್ವೇಯರ್ ಮುಂದೆ ಒಳ್ಳೆ ಏರಿಯಾ ಅನ್ನಬಾರದು.

"ಯಾವ ಏರಿಯಾ? ಸೋಲಾಪುರ ರೋಡೇನು? ಗುಂಟೆಕ್ಕ ಎಷ್ಟು ನಡದೈತಿ ಕೇಳು."

ನಾನು ಬಿಡಿಸಿ ಹೇಳಿದೆ. ಚೆಂಡು ಎಂಥ ಜಾಗಕ್ಕೆ ಬೀಳುತ್ತಿದೆ ಅಂದರೆ, ಆಡುವವನಿಗೆ ಮುಂದೆ ಹೆಜ್ಜೆ ಇಡಬೇಕೋ ಹಿಂದೆ ಸರಿಯಬೇಕೋ ತಿಳಿಯುತ್ತಿಲ್ಲ. ಕಾಕಾ ತಲೆ ಆಡಿಸಿದರು. "ಚಲೋ ಹೇಳಿದಿ. ಇದನ್ನ ಹೇಳಾಕ ಅವಗ ರೊಕ್ಕ ಕೊಡ್ತಾರ ಅಲ್ಲೇನು? ಅವ ಯಾಕ ಹೇಳವಲ್ಲ?"

ನಮ್ಮೂರಿನ ರಾಜೇಶ್ವರಿ ಗಾಯಕವಾಡ 2017ರ ಮಹಿಳಾ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ಮೇಲೆ ಬರೀ 15 ರನ್ ಕೊಟ್ಟು 5 ವಿಕೆಟ್ ತೆಗೆದರು. ನ್ಯೂಜಿಲೆಂಡ್ 79ಕ್ಕೆ ಮಡಚಿಕೊಂಡಿತು. ಎಡಗೈ ಸ್ಪಿನ್. ಯಾವ ಚೆಂಡು ತಿರುಗಿತು, ಯಾವುದು ನೇರ ಹೋಯಿತು, ಎದುರಿನವರು ಎಲ್ಲಿ ಮೋಸ ಹೋದರು ಅಂತ ಹೇಳುತ್ತಾ ಕೂತರೆ ಒಂದು ರಾತ್ರಿ ಸಾಲದು. ಅದನ್ನೂ "ಒಳ್ಳೆಯ ಏರಿಯಾ" ಅಂತ ಎರಡು ಪದದಲ್ಲಿ ಮುಗಿಸಬಹುದು ನೋಡಿ. ಅಂದ ಹಾಗೆ, 2021ರಲ್ಲಿ ಕ್ರಿಕೆಟ್ ನಿಯಮ ಬರೆಯುವ ಎಂಸಿಸಿಯವರು ನಿಯಮದ ಪುಸ್ತಕದಿಂದಲೇ ಬ್ಯಾಟ್ಸ್‌ಮನ್ ಅನ್ನೋದನ್ನು ತೆಗೆದು ಬ್ಯಾಟರ್ ಅಂತ ಬರೆದರು. ನಮ್ಮವರ ಬಾಯಲ್ಲಿ ಇವತ್ತಿಗೂ "ಮಹಿಳಾ ಬ್ಯಾಟ್ಸ್‌ಮನ್" ಕೇಳಿಬರುತ್ತದೆ.

ಆದರೆ ಕಾಕಾನ ನಿಜವಾದ ವೈರಿ ಬೇರೆ. ಅದು "ಅಕ್ಷರಶಃ".

ಒಂದು ರಾತ್ರಿ ಯಾರೋ ಒಂದೇ ಓವರಿನಲ್ಲಿ ಮೂರು ಸಿಕ್ಸರ್ ಬಾರಿಸಿದರು. "ಕ್ರೀಡಾಂಗಣಕ್ಕೆ ಅಕ್ಷರಶಃ ಬೆಂಕಿ ಹಚ್ಚಿದ್ದಾರೆ!" ಅಂತ ಕೂಗು ಬಂತು. ಕಾಕಾ ಕನ್ನಡಕ ಹಾಕಿಕೊಂಡು ಟಿವಿಯ ಹತ್ತಿರ ಹೋದರು. ಹೊಗೆ ಹುಡುಕಿದರು. ಜನ ಐಸ್‌ಕ್ರೀಮ್ ತಿನ್ನುತ್ತಾ ಕೂತಿದ್ದರು. ಚಿಯರ್ ಗರ್ಲ್ಸ್ ಕುಣಿಯುತ್ತಿದ್ದರು. ಫೈರ್ ಎಂಜಿನ್ ಬಂದ ಲಕ್ಷಣ ಇರಲಿಲ್ಲ. ಮುಂದಿನ ಓವರಿನಲ್ಲಿ ಬೌಲರ್‌ಗಳು ಅಕ್ಷರಶಃ ಧೂಳೀಪಟವಾದರು. ಅದರ ಮುಂದಿನ ಓವರಿನಲ್ಲಿ ಅದೇ ಬೌಲರ್ ಬಂದು ಬೌಲಿಂಗ್ ಮಾಡಿದ. ರನ್‌ಗಳ ಹೊಳೆ ಅಕ್ಷರಶಃ ಹರಿಯಿತು. ಡೋಣಿ ಹೊಳೆ ಉಕ್ಕಿದಾಗ ಹೊಲದಲ್ಲಿ ನಿಂತು ನೋಡಿದವರು ಇದನ್ನು ಕೇಳಿ ಏನು ಅಂದುಕೊಳ್ಳಬೇಕು?

"ನಾವು ಕಾಗದದಾಗ ಅಂಕಿ ಬರದು, ಬಾಜೂಕ ಅಕ್ಷರದಾಗ ಬರೀತಿದ್ವಿ" ಅಂದರು ಕಾಕಾ. "ಐದು ನೂರು ಮಾತ್ರ ಅಂತ. ಯಾರೂ ತಿದ್ದಬಾರದು ಅಂತ. ಇವರು ಅಕ್ಷರಶಃ ಅಂದದ್ದನ್ನ ತಿದ್ದಾಕ ಒಬ್ಬಾವನೂ ಇಲ್ಲಲ್ಲೋ!"

ಇತಿಹಾಸದ್ದೂ ಇದೇ ಕಥೆ. ಪ್ರತಿ ಪಂದ್ಯದಲ್ಲೂ ನಾಲ್ಕೈದು ಸಲ ಇತಿಹಾಸ ಸೃಷ್ಟಿಯಾಗುತ್ತದೆ. ಪವರ್‌ಪ್ಲೇಯಲ್ಲಿ ಎಡಗೈ ಸ್ಪಿನ್ನರ್‌ಗೆ ಬಲಗೈ ಆಟಗಾರ ಸ್ವೀಪ್ ಹೊಡೆದರೂ ಇತಿಹಾಸ. ನಮ್ಮೂರಲ್ಲಿ ಬಾರಾ ಕಮಾನ್ ಅಂತ ಒಂದಿದೆ. ಎರಡನೇ ಅಲಿ ಆದಿಲ್ ಶಾಹನ ಗೋರಿ, 17ನೇ ಶತಮಾನದಿಂದ ಅರ್ಧಕ್ಕೇ ನಿಂತಿದೆ. ಬಾದಶಹನ ಕೈಲೇ ಮುಗಿಸೋಕಾಗದ್ದನ್ನು ಇವರು ಸ್ಟ್ರಾಟೆಜಿಕ್ ಟೈಮ್ ಔಟ್‌ಗೂ ಮೊದಲೇ ಮುಗಿಸುತ್ತಾರೆ. ಆ ಟೈಮ್ ಔಟ್ ಅಂದರೆ ತಂತ್ರ ಹೂಡೋಕೆ ಅಂತ ಆಟ ನಿಲ್ಲಿಸುವ ಎರಡೂವರೆ ನಿಮಿಷ. ತಂತ್ರ ಯಾರು ಹೂಡುತ್ತಾರೋ ಕಾಣಿಸಲ್ಲ, ಜಾಹೀರಾತು ಮಾತ್ರ ಬರೋಬ್ಬರಿ ಕಾಣಿಸುತ್ತದೆ.

ಸಿಕ್ಸರ್‌ಗೆ "ಮ್ಯಾಕ್ಸಿಮಮ್" ಅನ್ನೋದು ಹೇಗೆ ಬಂತು ಅಂತಲೂ ಕಾಕಾ ಕೇಳಿದ್ದರು. 2008ರಲ್ಲಿ ಐಪಿಎಲ್ ಶುರುವಾದಾಗ ಸಿಕ್ಸರ್ ಬಿದ್ದ ಕೂಡಲೇ "ಡಿಎಲ್‌ಎಫ್ ಮ್ಯಾಕ್ಸಿಮಮ್" ಅಂತ ಕೂಗುತ್ತಿದ್ದರು. ಪ್ರಾಯೋಜಕರ ಹೆಸರು. 2012ಕ್ಕೆ ಆ ಪ್ರಾಯೋಜಕತ್ವ ಮುಗಿಯಿತು, ಮ್ಯಾಕ್ಸಿಮಮ್ ಉಳಿಯಿತು. ಡಿಎಲ್‌ಎಫ್ ಭೂಮಿ, ಕಟ್ಟಡದ ವ್ಯವಹಾರದ ಕಂಪನಿ ಅಂದಾಗ ಕಾಕಾ ತೊಡೆ ತಟ್ಟಿಕೊಂಡು ನಕ್ಕರು. "ನಾ ಹೇಳಲಿಲ್ಲೇನು? ಏರಿಯಾ, ಬೌಂಡರಿ, ಮೂಲಿ, ಎಲ್ಲಾ ಪ್ಲಾಟಿನ ಮಾತ ಐತಿ!" ಲೆಕ್ಕದಲ್ಲೂ ಈ ಮ್ಯಾಕ್ಸಿಮಮ್ ತಪ್ಪು. ನೋಬಾಲ್‌ಗೆ ಸಿಕ್ಸರ್ ಹೊಡೆದರೆ ತಂಡಕ್ಕೆ ಏಳು ರನ್. ಮ್ಯಾಕ್ಸಿಮಮ್‌ಗಿಂತ ಒಂದು ಜಾಸ್ತಿ.

ಕಬಡ್ಡಿ ಹಚ್ಚಿದರೆ ಪಾರಾಗಬಹುದು ಅಂದುಕೊಂಡೆ. ಅಲ್ಲಿ "ಮಾಡು ಇಲ್ಲವೇ ಮಡಿ". ಗಾಂಧೀಜಿ 1942ರಲ್ಲಿ ಇಡೀ ದೇಶಕ್ಕೆ ಹೇಳಿದ ಮಾತು. ಇಲ್ಲಿ ಸತತ ಎರಡು ರೈಡ್ ಖಾಲಿ ಬಂದರೆ ಸಾಕು, ಮೂರನೆಯದಕ್ಕೆ ಈ ಮಾತು ಹೊರಡುತ್ತದೆ. ಮಡಿದವನು ಬೆಂಚಿನ ಮೇಲೆ ಕೂತು ನೀರು ಕುಡಿಯುತ್ತಾನೆ, ಜೊತೆಗಾರ ಪಾಯಿಂಟ್ ತಂದರೆ ಎದ್ದು ಬರುತ್ತಾನೆ. ಕಾಕಾ ಚಾನೆಲ್ ಬದಲಿಸಿಬಿಟ್ಟರು.

ನನಗನ್ನಿಸೋದು ಇಷ್ಟು. ರೇಡಿಯೋ ಕಾಲದಲ್ಲಿ ಹೇಳುವವನಿಗೆ ಕೆಲಸ ಇತ್ತು. ಚೆಂಡು ಎಲ್ಲಿ ಹೋಯಿತು, ಯಾರು ಓಡಿದರು, ಎಲ್ಲವನ್ನೂ ಅವನೇ ಹೇಳಬೇಕು. ಕೇಳುವವನಿಗೆ ಕಣ್ಣಿರಲಿಲ್ಲ. ಈಗ ಕೇಳುವವನಿಗೂ ಕಾಣುತ್ತದೆ. ಹೇಳೋದಕ್ಕೆ ಏನೂ ಉಳಿದಿಲ್ಲ, ಸುಮ್ಮನೆ ಇರೋಕೂ ಬಿಡಲ್ಲ. ಹಾಗಾಗಿ ಇಂಗ್ಲಿಷಿನವರು ಆಡಿದ್ದನ್ನೇ ಕನ್ನಡಕ್ಕೆ ತಿರುವಿ ಹಾಕೋದು. "ದಿನದ ಕೊನೆಗೆ ರನ್‌ಗಳೇ ಮುಖ್ಯ" ಅಂತ ರಾತ್ರಿ ಒಂಬತ್ತು ಗಂಟೆಗೆ ಹೇಳುತ್ತಾರೆ. "ಕಡೀಕ" ಅಂದರೆ ನಮ್ಮ ಕಡೆ ಎಲ್ಲರಿಗೂ ತಿಳಿಯುತ್ತದೆ. ಯಾವ ಪ್ರಶ್ನೆ ಕೇಳಿದರೂ ಪಕ್ಕದವನ ಉತ್ತರ "ಖಂಡಿತವಾಗಿಯೂ" ಅಂತಲೇ ಶುರು. "ಟಾಸ್ ಗೆದ್ದರೆ ಬ್ಯಾಟಿಂಗೋ ಬೌಲಿಂಗೋ?" "ಖಂಡಿತವಾಗಿಯೂ." ಗೋಳಗುಮ್ಮಟದಲ್ಲಿ ಒಮ್ಮೆ ಕೂಗಿದರೆ ಏಳು ಸಲ ಕೇಳಿಸುತ್ತೆ ಅಂತಾರೆ. ಗುಮ್ಮಟ ಏಳಕ್ಕೆ ನಿಲ್ಲಿಸುತ್ತದೆ.

ಇದು ಟಿವಿಯಲ್ಲೇ ಇದ್ದಿದ್ದರೆ ತೊಂದರೆ ಇರಲಿಲ್ಲ. ನಮ್ಮ ಮನೆಯೊಳಗೂ ಬಂದಿದೆ. ಗಣಿತದಲ್ಲಿ ಮೂವತ್ತೈದು ತಂದ ಮಗ, "ಪಪ್ಪಾ, ಜೀವದಾನ ಸಿಕ್ಕಿದೆ. ನಾನು ಪ್ರೊಸೆಸ್ ಮೇಲೆ ಗಮನ ಇಟ್ಟಿದ್ದೇನೆ, ರಿಸಲ್ಟ್ ಮೇಲೆ ಅಲ್ಲ" ಅಂದ. ಎಂಟು ದಿನದಿಂದ ನಲ್ಲಿಯಲ್ಲಿ ನೀರಿಲ್ಲ ಅಂತ ವಾಲ್ ತಿರುಗಿಸುವ ಹುಡುಗನನ್ನು ನಿಲ್ಲಿಸಿ ಕೇಳಿದೆ. ಅವನು ಪಂದ್ಯ ಮುಗಿದ ಮೇಲಿನ ಕ್ಯಾಪ್ಟನ್ ಹಾಗೆ ಸೊಂಟದ ಮೇಲೆ ಕೈ ಇಟ್ಟು ನಿಂತ. "ನೋಡ್ರಿ ಸರ, ನಾವು ಮುಂದಿಂದು ವಿಚಾರ ಮಾಡಂಗಿಲ್ಲ. ಒಂದ ಸಲಕ್ಕ ಒಂದ ಓಣಿ ತಗೊಂಡು ಹೊಂಟೀವಿ."

ಕಳೆದ ಬೇಸಿಗೆಯಲ್ಲಿ ಬಬಲೇಶ್ವರದ ಕಡೆಯ ಒಂದು ಹಳ್ಳಿಗೆ ಟೆನಿಸ್ ಬಾಲ್ ಟೂರ್ನಮೆಂಟ್ ನೋಡೋಕೆ ಹೋಗಿದ್ದೆವು. ಜೋಳ ಕಿತ್ತ ಹೊಲ, ಸುಣ್ಣದ ಗೆರೆ, ಬೇವಿನ ಮರದ ಕೆಳಗೆ ಮೈಕು. ಮ್ಯಾನ್ ಆಫ್ ದಿ ಮ್ಯಾಚ್‌ಗೆ ಟಗರು, ಅದೂ ಮೈಕಿನ ಪಕ್ಕದಲ್ಲೇ ಕಟ್ಟಿತ್ತು. ಆ ಮೈಕಿನವನನ್ನು ಹಿಂದೆಯೂ ಕೇಳಿದ್ದೆ. "ಚೆಂಡು ಕಣಕಿ ಬಣಿವ್ಯಾಗ ಹೊಕ್ಕೈತಿ, ಸಿಗೋ ತನಕಾ ಎಲ್ಲಾರೂ ಚಾ ಕುಡೀರಿ" ಅಂತ ಹೇಳುತ್ತಿದ್ದ. "ಎಮ್ಮಿ ಬಂತು, ಬೌಲರ್ ಅಲ್ಲೇ ನಿಲ್ರಿ" ಅನ್ನುತ್ತಿದ್ದ. ಕಣ್ಣು ಮುಚ್ಚಿ ಕೂತರೂ ಇಡೀ ಹೊಲ ಕಾಣುತ್ತಿತ್ತು.

ಈ ಸಲ ಅವನೂ ಬದಲಾಗಿದ್ದ. ಕೂಲಿಂಗ್ ಗ್ಲಾಸ್ ಹಾಕಿದ್ದ. ಮೊದಲ ಬಾಲಿಗೇ "ವಾಟ್ ಎ ಶಾಟ್" ಅಂದ. ಎರಡನೆಯದಕ್ಕೆ ಇತಿಹಾಸ ಸೃಷ್ಟಿಸಿದ. ಎಮ್ಮೆ ಬಂತು, ಹೋಯಿತು, ಅದರ ಸುದ್ದಿಯೇ ಇಲ್ಲ. ಆಮೇಲೆ ಒಬ್ಬ ಹುಡುಗ ಚೆನ್ನಾಗಿ ಬಾರಿಸತೊಡಗಿದ. ಮೈಕಿನವನ ದನಿ ಏರಿತು.

"ಪ್ರೇಕ್ಷಕರೇ, ಅಕ್ಷರಶಃ ಮೈದಾನದ ನಾಲ್ಕೂ ಮೂಲೆಗೆ ಚೆಂಡನ್ನು ಅಟ್ಟುತ್ತಿದ್ದಾರೆ!"

ನಾನು ಕಾಕಾನ ಮುಖ ನೋಡಿದೆ. "ಇಲ್ಲಿ ಸರಿ ಐತಿ ಅಲ್ರಿ ಕಾಕಾ? ಹೊಲಕ್ಕ ಮೂಲಿ ಇರ್ತಾವ."

ಕಾಕಾ ಹಣೆಗೆ ಕೈ ಅಡ್ಡ ಹಿಡಿದು, ಬೇವಿನ ಮರದ ಆಚೆ ಬದು ತಿರುಗಿದ ಕಡೆ ನೋಡಿದರು.

"ಐದು ಮೂಲಿ ಅದಾವ" ಅಂದರು. "ಅಣ್ಣತಮ್ಮರ ಜಗಳದಾಗ ಅಲ್ಲೊಂದು ಹೆಚ್ಚಾತು. ನಾನs ಅಳದೀನಿ."