ಮಗು, ರಾ!

ಬಳ್ಳಾರಿಯಲ್ಲಿ ಸೈಕಲ್ ಬ್ರೇಕ್ ಕೆಟ್ಟರೆ ಅದು ಸುದ್ದಿಯೇ ಅಲ್ಲ. ಕೌಲ್ ಬಜಾರ್‌ನ ಚಾಚಾ ಅಂಗಡಿಗೆ ತಳ್ಳಿಕೊಂಡು ಹೋದರಾಯಿತು. ಬಾಯಲ್ಲಿ ಎಲೆ ಅಡಿಕೆ, ಕೈಯಲ್ಲಿ ಪಾನಾ. ವೈರ್ ಎಳೆದು, ನಟ್ ಬಿಗಿ ಮಾಡಿ, "ಹೋಗ್ರಿ ಸಾರ್" ಅಂದರೆ ಕೆಲಸ ಮುಗಿಯಿತು.

ಆದರೆ ಏಪ್ರಿಲ್‌ನಲ್ಲಿ ನಾನು ತಳ್ಳಿಕೊಂಡು ಹೋದ ಸೈಕಲ್ ನೋಡಿ ಚಾಚಾ ಅದರ ಸುತ್ತ ಎರಡು ಪ್ರದಕ್ಷಿಣೆ ಹಾಕಿದರು. ಆಮೇಲೆ ಹೋಗಿ ಎಲೆ ಅಡಿಕೆ ಉಗಿದು ಬಂದರು. ವಿಷಯ ಗಂಭೀರ ಅಂತ ನನಗೆ ಆಗಲೇ ಗೊತ್ತಾಯಿತು.

"ಸಾರ್, ಇದರಾಗ ವೈರೇ ಇಲ್ಲಲ್ರಿ!"

"ವೈರ್ ಇಲ್ಲ ಚಾಚಾ, ಎಣ್ಣೆ ಇರುತ್ತೆ."

"ಎಣ್ಣಿ?" ಚಾಚಾ ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದರು. "ಬ್ರೇಕಿಗೆ ಎಣ್ಣಿ ಬಿದ್ರ ನಾವು ಒರೆಸ್ತೀವ್ರಿ. ನೀವು ಒಳಗ ತುಂಬ್ಸೀರಿ?"

ಸೈಕಲ್ ಬಂದದ್ದು ಆನೆಗೊಂದಿ ಕಡೆಯಿಂದ. ಅಲ್ಲಿ ನನ್ನ ಗೆಳೆಯನದೊಂದು ಹೋಂಸ್ಟೇ ಇದೆ. ಹಂಪಿ ನೋಡಲು ಸೈಕಲ್ ತುಳಿದುಕೊಂಡು ಬಂದಿದ್ದ ಜರ್ಮನಿಯವನೊಬ್ಬ, ವಾಪಸ್ ವಿಮಾನದಲ್ಲಿ ಇದನ್ನು ಹೊತ್ತೊಯ್ಯುವ ಉಸಾಬರಿ ಬೇಡ ಅಂತ ಅಲ್ಲೇ ಬಿಟ್ಟು ಹೋಗಿದ್ದ. ಗೆಳೆಯನಿಗೆ ಅದರ ಮೇಲೆ ಕೂತರೆ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ನನಗೆ ಮಾರಿದ. ಬೆಲೆ ಇಲ್ಲಿ ಬೇಡ, ಈ ಬರಹ ಮನೆಯಲ್ಲೂ ಓದುತ್ತಾರೆ. ಟೆಂಪೋದಲ್ಲಿ ಅಕ್ಕಿ ಮೂಟೆಗಳ ನಡುವೆ ಹ್ಯಾಂಡಲ್ ತಿರುಚಿ ತುರುಕಿ ಬಳ್ಳಾರಿಗೆ ತಂದೆ. ಆ ತಿರುಚಿದ್ದನ್ನು ನೆನಪಿಡಿ.

ಚಾಚಾ ಕನ್ನಡಕ ಹಣೆಗೇರಿಸಿ ಬ್ರೇಕ್ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದರು. "ಮ... ಗು... ರಾ. ಮಗು, ರಾ. ಇದು ತೆಲುಗು ಕಂಪನಿ ಏನ್ರಿ?"

ತೆಲುಗಿನಲ್ಲಿ ರಾ ಅಂದರೆ ಬಾ. ನಮ್ಮ ಊರಲ್ಲಿ ಕನ್ನಡದಲ್ಲಿ ಶುರುವಾದ ಮಾತು ತೆಲುಗಿನಲ್ಲಿ ಮುಗಿಯುವುದು ಮಾಮೂಲು. ಹಾಗಾಗಿ ಅವರ ಅನುಮಾನದಲ್ಲಿ ತಪ್ಪಿರಲಿಲ್ಲ. ನಿಜ ಏನೆಂದರೆ ಇದು 1893ರಲ್ಲಿ ಶುರುವಾದ ಜರ್ಮನ್ ಕಂಪನಿ. ಕಟ್ಟಿದವರ ಅಡ್ಡಹೆಸರು ಮಾಗೆನ್‌ವಿರ್ತ್, ಊರು ಬಾಟ್ ಉರಾಖ್. ಎರಡನ್ನೂ ಕತ್ತರಿಸಿ ಅಂಟಿಸಿದರೆ ಮಗುರಾ. ರಿಮ್ ಹಿಡಿಯುವ ಹೈಡ್ರಾಲಿಕ್ ಬ್ರೇಕನ್ನು ಇವರು 1987ರಿಂದ ಮಾಡುತ್ತಾ ಬಂದಿದ್ದಾರೆ. ಇದನ್ನೆಲ್ಲ ಚಾಚಾಗೆ ಹೇಳಿದೆ. "ಹಂಗಾರ ಜರ್ಮನಿಗೇ ಒಯ್ರಿ" ಅಂದರು.

ಕೆಟ್ಟದ್ದಾದರೂ ಹೇಗೆ ಗೊತ್ತಾಯಿತು ಅಂತೀರಾ? ರೈಲ್ವೆ ಮೇಲ್ಸೇತುವೆಯ ಇಳಿಜಾರಿನಲ್ಲಿ. ಕೆಳಗೆ ಮಿರ್ಚಿ ಬಂಡಿ, ಬಂಡಿಯ ಸುತ್ತ ಜನ. ಬಲಗೈ ಲಿವರ್ ಹಿಡಿದೆ. ಅದು ಹಸಿ ಇಡ್ಲಿ ಒತ್ತಿದ ಹಾಗೆ ಮೆತ್ತಗೆ ಹೋಗಿ ಹಿಡಿಕೆಗೆ ತಾಗಿತು. ಸೈಕಲ್ ಮಾತ್ರ ನಿಲ್ಲಲಿಲ್ಲ. ಹೆದರಿ ಎಡಗೈ ಲಿವರ್ ಗಟ್ಟಿಯಾಗಿ ಅದುಮಿದೆ. ಸೈಕಲ್ ಗಕ್ಕನೆ ನಿಂತಿತು, ಹಿಂದಿನ ಚಕ್ರ ಗಾಳಿಯಲ್ಲಿ ಎದ್ದಿತು, ನನ್ನ ಮೂಗು ಮಿರ್ಚಿ ಬಾಣಲೆಯಿಂದ ಎರಡು ಮೊಳ ದೂರದಲ್ಲಿತ್ತು. ಬಂಡಿಯವನು ಜಾರಾ ಎತ್ತಿಕೊಂಡೇ ಕೇಳಿದ: "ಎಷ್ಟು ಪ್ಲೇಟ್ ಅಣ್ಣಾ?"

ಎರಡು ಪ್ಲೇಟ್ ತಿಂದೆ. ತಿನ್ನುತ್ತಾ ತೀರ್ಮಾನಕ್ಕೆ ಬಂದೆ: ಮುಂದಿನ ಬ್ರೇಕ್ ಕೆಟ್ಟಿದೆ. ಬಲಗೈ ಅಂದರೆ ಮುಂದಿನದು ತಾನೇ? ಹುಟ್ಟಿದಾಗಿನಿಂದ ತುಳಿದ ಸೈಕಲ್‌ಗಳಲ್ಲೆಲ್ಲ ಹಾಗೇ ಇದೆ.

ರಾತ್ರಿ ಕೂತು ಬ್ರೇಕಿನ ಮರ್ಮ ತಿಳಿದುಕೊಂಡೆ. ಲಿವರ್ ಹಿಡಿದರೆ ಒಳಗಿನ ಪಿಸ್ಟನ್ ಎಣ್ಣೆಯನ್ನು ಒತ್ತುತ್ತದೆ. ಎಣ್ಣೆ ಪೈಪಿನೊಳಗೆ ಹೋಗಿ ರಿಮ್‌ನ ಎರಡೂ ಬದಿಯ ಪುಟ್ಟ ಸಿಲಿಂಡರ್‌ಗಳನ್ನು ಒತ್ತುತ್ತದೆ. ಬ್ರೇಕ್ ರಬ್ಬರ್ ರಿಮ್ ಹಿಡಿಯುತ್ತದೆ. ಎಣ್ಣೆ ಕುಗ್ಗುವುದಿಲ್ಲ, ಹಾಗಾಗಿ ಬೆರಳಿನ ಒತ್ತಡ ಪೂರ್ತಿ ಚಕ್ರಕ್ಕೆ ತಲುಪುತ್ತದೆ. ಗಾಳಿಯ ಗುಳ್ಳೆ ಸೇರಿದರೆ ಕೆಟ್ಟಿತು. ಗಾಳಿ ಕುಗ್ಗುತ್ತದೆ. ಬೆರಳಿನ ಶಕ್ತಿಯೆಲ್ಲ ಗುಳ್ಳೆ ಅದುಮುವುದಕ್ಕೇ ಖರ್ಚು. ಆ ಗಾಳಿ ಹೊರಗೆ ಹಾಕುವುದಕ್ಕೆ ಬ್ಲೀಡಿಂಗ್ ಅಂತ ಹೆಸರು. ಕೆಳಗಿನ ಸಿಲಿಂಡರ್‌ನಿಂದ ಸಿರಿಂಜ್‌ನಲ್ಲಿ ಹೊಸ ಎಣ್ಣೆ ಒತ್ತಬೇಕು, ಲಿವರ್ ಮೇಲಿನ ಪುಟ್ಟ ಸ್ಕ್ರೂ ತೆಗೆದಿರಬೇಕು, ಗುಳ್ಳೆಗಳು ಅಲ್ಲಿಂದ ಬುಡುಬುಡು ಅಂತ ಹೊರಗೆ ಬರಬೇಕು.

ಜರ್ಮನಿಯವನು ಒಂದು ಚೀಲ ಬಿಟ್ಟು ಹೋಗಿದ್ದ. ಅದರಲ್ಲಿ ಸಿಲಿಂಡರ್‌ಗೆ ತಿರುಗಿಸಿ ಹಾಕುವ ಪುಟ್ಟ ಮೂತಿ, ತುಂಡು ಪೈಪು, ಅರ್ಧ ಬಾಟಲಿ ನೀಲಿ ಎಣ್ಣೆ. ನೀಲಿ ಅಂದರೆ ಬಟ್ಟೆಗೆ ಹಾಕುವ ನೀಲಿಯ ಹಾಗೆ ನೀಲಿ. ಸಿರಿಂಜ್ ಮಾತ್ರ ಇರಲಿಲ್ಲ.

ಮೆಡಿಕಲ್ ಶಾಪ್‌ನಲ್ಲಿ 20 ಎಂಎಲ್ ಸಿರಿಂಜ್ ಕೇಳಿದೆ. ಸೂಜಿ ಬೇಡ ಅಂದೆ. ಅಂಗಡಿಯವನ ಮುಖ ಬದಲಾಯಿತು.

"ಯಾರಿಗೆ ಸಾರ್?"

"ಸೈಕಲ್ಲಿಗೆ."

ಅವನು ಏನೂ ಮಾತಾಡದೆ ಕೊಟ್ಟ. ಹೊರಗೆ ಬಂದು ತಿರುಗಿ ನೋಡಿದರೆ ಒಳಗಿನ ಹುಡುಗನನ್ನೂ ಕರೆದು ನನ್ನನ್ನು ತೋರಿಸುತ್ತಿದ್ದ.

ಎಣ್ಣೆ ಸಾಲದೆ ಬಂದರೆ ಇರಲಿ ಅಂತ ಬೈಕ್ ಸ್ಪೇರ್ಸ್ ಅಂಗಡಿಯಿಂದ ಡಾಟ್ 3 ಬ್ರೇಕ್ ಆಯಿಲ್ ಕೂಡ ತಂದೆ. ಹಾಕುವ ಮೊದಲು ಬುದ್ಧಿ ಬಂತು. ಈ ಬ್ರೇಕಿಗೆ ಮಿನರಲ್ ಆಯಿಲ್ ಮಾತ್ರ. ಬೈಕು ಕಾರುಗಳ ಡಾಟ್ ಆಯಿಲ್ ಹಾಕಿದರೆ ಒಳಗಿನ ರಬ್ಬರ್ ಸೀಲುಗಳು ಹಾಳಾಗುತ್ತವೆ. ಅತ್ತೆ ಅಡುಗೆಮನೆಯಿಂದಲೇ ಹೇಳಿದರು, "ಗಾಣದ ಶೇಂಗಾ ಎಣ್ಣಿ ಐತಲ್ಲ, ಎರಡು ಚಮಚ ಹಾಕ್ರಿ."

ಅತ್ತೆ ಮಾವ ಪ್ರತಿ ಬೇಸಿಗೆಗೆ ಹೊಸಪೇಟೆಯಿಂದ ಬರುತ್ತಾರೆ. ಮಗಳ ಮೇಲಿನ ಪ್ರೀತಿ ಒಂದು ಕಾರಣ, ನಮ್ಮ ಮಾಳಿಗೆಯ ಬಿಸಿಲು ಇನ್ನೊಂದು. ಬಳ್ಳಾರಿ ಬಿಸಿಲಿಗೆ ಸಂಡಿಗೆ ಒಂದೇ ದಿನಕ್ಕೆ ಕಟಕಟ ಅನ್ನುತ್ತದೆ. ಅವತ್ತು ಮಾಳಿಗೆಯ ಮುಕ್ಕಾಲು ಭಾಗ ಮಾವನ ಹಳೇ ಧೋತರ ಹಾಸಿ ಅಕ್ಕಿ ಸಂಡಿಗೆ ಇಟ್ಟಿದ್ದರು. ಉಳಿದ ಕಾಲು ಭಾಗದಲ್ಲಿ ನಾನು, ಸೈಕಲ್, ಸಿರಿಂಜ್. ಹೆಂಡತಿ ಮೆಟ್ಟಿಲಿನಿಂದಲೇ ಕೂಗಿದಳು, "ರೀ, ಅಲ್ಲೇ ಮಾಡ್ಬೇಕಾ ಅದನ್ನ?" ಬೆಳಕು ಚೆನ್ನಾಗಿದೆ ಅಂದೆ.

ಮಾವ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಕಾಗೆ ಓಡಿಸುವ ಕೋಲು ಹಿಡಿದು ನೆರಳಲ್ಲಿ ಕೂತಿದ್ದರು. ನನ್ನ ಬ್ರೇಕಿನ ವಿವರಣೆ ಕೇಳಿ ಅವರಿಗೆ ನಗು. "ಏನ್ ಅಳಿಯಂದ್ರೆ, ನಮ್ಮ ಗಾಡೀಲಿ ಗಾಳಿ ಇದ್ರೇನೇ ಗಾಡಿ ಓಡೋದು. ಪೈಪಲ್ಲಿ ಗಾಳಿ ಕಮ್ಮಿ ಆದ್ರೆ ತಾನೇ ಬ್ರೇಕ್ ಬೀಳ್ತದೆ. ನಿಮ್ದು ಗಾಳಿ ಬಂದ್ರೆ ಬ್ರೇಕೇ ಇಲ್ಲ ಅಂತೀರಿ. ಉಲ್ಟಾ ಆಯ್ತಲ್ಲ!"

ನಾನು ಮುಂದಿನ ಚಕ್ರದ ಸಿಲಿಂಡರ್ ಸ್ಕ್ರೂ ಬಿಚ್ಚಿ, ಮೂತಿ ಹಾಕಿ, ಎಣ್ಣೆ ತುಂಬಿದ ಸಿರಿಂಜ್ ಜೋಡಿಸಿದೆ. ಬಲಗೈ ಲಿವರ್ ಮೇಲಿನ ಸ್ಕ್ರೂ ತೆಗೆದೆ. ಅಲ್ಲಿ ಹಿಡಿಕೆಯ ಹತ್ತಿರ ನೀಲಿ ಕಲೆ ಇತ್ತು. ಪೆನ್ನಿನ ಇಂಕ್ ಇರಬೇಕು ಅಂದುಕೊಂಡು ಒರೆಸಿದೆ. ಸಿರಿಂಜ್ ಮೆಲ್ಲಗೆ ಒತ್ತಿದೆ.

ಮೊದಲು ಸ್ವಲ್ಪ ಎಣ್ಣೆ ಒಳಗೆ ಹೋಯಿತು. ಖುಷಿಯಾಯಿತು. ಮೇಲೆ ನೋಡಿದರೆ ಗುಳ್ಳೆ ಇಲ್ಲ, ಎಣ್ಣೆಯೂ ಇಲ್ಲ. ಇನ್ನೂ ಒತ್ತಿದೆ. ಬ್ರೇಕ್ ರಬ್ಬರ್‌ಗಳು ತಾವಾಗಿಯೇ ಮುಂದೆ ಬಂದು ರಿಮ್ ಕಚ್ಚಿಕೊಂಡವು. ಕಸ ಸಿಕ್ಕಿಕೊಂಡಿರಬೇಕು, ಜೋರಾಗಿ ತಳ್ಳಿದರೆ ಹೋಗುತ್ತದೆ ಅಂತ ಎರಡೂ ಹೆಬ್ಬೆರಳು ಹಾಕಿ ಹಲ್ಲು ಕಚ್ಚಿ ಒತ್ತಿದೆ.

ಫಟ್.

ಸಿರಿಂಜಿನಿಂದ ಪೈಪು ಕಳಚಿಕೊಂಡಿತು. ಎಣ್ಣೆ ಒಂದು ಗೆರೆಯಾಗಿ ಹಾರಿತು. ಆ ಗೆರೆ ಬಿಸಿಲಲ್ಲಿ ಹೊಳೆಯುತ್ತಾ, ನನ್ನ ತಲೆಯ ಮೇಲಿಂದ ಬಿಲ್ಲಿನ ಹಾಗೆ ಬಾಗಿ ಧೋತರದ ಕಡೆ ಹೋದದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಬೆಳ್ಳಗೆ ಸಾಲಾಗಿ ಕೂತಿದ್ದ ಸಂಡಿಗೆಗಳ ಮೇಲೆ ನೀಲಿ ಹನಿಗಳು ಟಪಟಪ ಬಿದ್ದವು. ಕಾಗೆಗಳೂ ಸುಮ್ಮನಾದವು.

ಮಾವ ಎದ್ದು ಬಂದರು. ಸಂಡಿಗೆ ನೋಡಿದರು, ನನ್ನನ್ನು ನೋಡಿದರು. ಆಮೇಲೆ, ಬೋಗಿ ಬೋಗಿ ಪರೀಕ್ಷೆ ಮಾಡಿದ ಹಳೇ ಅಭ್ಯಾಸವೋ ಏನೋ, ಕಾಗೆ ಕೋಲಿನ ತುದಿಯನ್ನು ಬಲಗೈ ಲಿವರ್‌ನಿಂದ ಹೊರಟ ಪೈಪಿನ ಮೇಲಿಟ್ಟು ನಿಧಾನಕ್ಕೆ ಜಾರಿಸುತ್ತಾ ಹೋದರು. ಕೋಲು ಹ್ಯಾಂಡಲ್ ದಾಟಿತು, ಅಡ್ಡ ಕೊಳವೆ ಹಿಡಿದು ಹೋಯಿತು, ಸೀಟಿನ ಕೆಳಗೆ ನುಸುಳಿತು, ಹಿಂದಿನ ಚಕ್ರದ ಹತ್ತಿರ ನಿಂತಿತು.

"ಅಳಿಯಂದ್ರೆ, ಇದು ಹಿಂದಿಂದು."

ಜರ್ಮನಿಯಲ್ಲಿ ಬಲಗೈ ಹಿಂದಿನ ಬ್ರೇಕು, ಎಡಗೈ ಮುಂದಿನದು. ನಮ್ಮದಕ್ಕೆ ಪೂರ್ತಿ ಉಲ್ಟಾ. ಸೇತುವೆ ಕೆಳಗೆ ಹಿಂದಿನ ಚಕ್ರ ಎದ್ದಾಗಲೇ ಎಡಗೈ ಮುಂದಿನದು ಅಂತ ಹೊಳೆಯಬೇಕಿತ್ತು. ಆದರೆ ನನ್ನ ಗಮನವೆಲ್ಲ ಮಿರ್ಚಿ ಮೇಲಿತ್ತು. ಒಟ್ಟಿನಲ್ಲಿ ಹಿಂದಿನ ಬ್ರೇಕಿನ ಬಾಯಿ ತೆಗೆದಿಟ್ಟು, ಏನೂ ತೊಂದರೆ ಇಲ್ಲದ ಮುಂದಿನ ಬ್ರೇಕಿನ ಹೊಟ್ಟೆಗೆ ಎಣ್ಣೆ ತುರುಕಿದ್ದೆ. ಈಗ ಎರಡೂ ಕೆಟ್ಟಿದ್ದವು.

ಪೆನ್ನಿನ ಇಂಕ್ ಅಂದುಕೊಂಡದ್ದು ಈ ಎಣ್ಣೆಯೇ. ಟೆಂಪೋದಲ್ಲಿ ಹ್ಯಾಂಡಲ್ ತಿರುಚಿದಾಗ ಪೈಪು ಎಳೆದು, ಲಿವರ್ ಹತ್ತಿರದ ನಟ್ ಸಡಿಲವಾಗಿ ಜಿನುಗಿತ್ತು. ಗಾಳಿ ಒಳಗೆ ಸೇರಿದ್ದೂ ಅಲ್ಲಿಂದಲೇ. ಚಾಚಾ ಹತ್ತಿರ 8 ನಂಬರ್ ಪಾನಾ ಇಸಿದುಕೊಂಡು ಬಂದು ಬಿಗಿ ಮಾಡಿದೆ. ಎಷ್ಟಾದರೂ ಪಾನಾ ಕೆಲಸವೇ ಆಗಿತ್ತು ಅಂತ ಕೇಳಿ ಚಾಚಾಗೆ ತುಂಬಾ ಸಮಾಧಾನವಾಯಿತು.

ಸಂಜೆ ಮತ್ತೆ ಮಾಳಿಗೆ. ಈ ಸಲ ಸಂಡಿಗೆ ಒಳಗೆ, ಮಾವ ಸೈಕಲ್ ಪಕ್ಕದಲ್ಲಿ. ಲಿವರ್‌ನ ಸ್ಕ್ರೂ ಎಲ್ಲಕ್ಕಿಂತ ಎತ್ತರದಲ್ಲಿರುವ ಹಾಗೆ ಸೈಕಲ್ ಓರೆ ಮಾಡಿದೆವು, ಯಾಕೆಂದರೆ ಗುಳ್ಳೆ ಮೇಲಕ್ಕೇ ಏರುವುದು. ರಬ್ಬರ್ ಹತ್ತಿರ ತರುವ ಅಡ್ಜಸ್ಟರ್ ತಿರುಪನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದೆ. ಚಕ್ರ ಬಿಚ್ಚಿ ಪಕ್ಕಕ್ಕಿಟ್ಟೆ. ಮೆಲ್ಲಗೆ ಒತ್ತುತ್ತಿದ್ದೆ, ಮಾವ ಪೈಪನ್ನು ಬೆರಳಲ್ಲಿ ತಟ್ಟುತ್ತಿದ್ದರು. ಒಂದು ದೊಡ್ಡ ಗುಳ್ಳೆ ಬಂತು. ಆಮೇಲೆ ಸಾಸಿವೆ ಕಾಳಿನಷ್ಟು ಏಳೆಂಟು. ಎರಡು ಸಿಲಿಂಡರ್ ನಡುವಿನ ತುಂಡು ಪೈಪಿನಲ್ಲಿ ಕೂತಿದ್ದ ಒಂದು ಮಾತ್ರ ಹಟಮಾರಿ. ಎಷ್ಟು ತಟ್ಟಿದರೂ ಹೊರಡಲೊಲ್ಲದು. ಮಾವ ಅದಕ್ಕೆ ಬಗ್ಗಿ ಹೇಳಿದರು: "ಮಗು, ರಾ... ರಾ..."

ಬಂತು.

ಮೊದಲು ಮೇಲಿನ ಸ್ಕ್ರೂ ಮುಚ್ಚಿ, ಆಮೇಲೆ ಕೆಳಗಿನ ಸಿರಿಂಜ್ ತೆಗೆಯಬೇಕು. ಉಲ್ಟಾ ಮಾಡಿದರೆ ತುಂಬಿದ್ದೆಲ್ಲ ಕೆಳಗೆ ಸುರಿಯುತ್ತದೆ. ಇದನ್ನು ಮಾತ್ರ ಮೊದಲ ಸಲವೇ ಸರಿ ಮಾಡಿದೆ. ಮುಂದಿನ ಬ್ರೇಕಿಗೂ ಅದೇ ಸೇವೆ ಆಯಿತು. ಬಾಟಲಿಯ ತಳದಲ್ಲಿ ಒಂದು ಮುಚ್ಚಳದಷ್ಟು ಎಣ್ಣೆ ಉಳಿಯಿತು. ರಿಮ್‌ಗೆ ಎಣ್ಣೆ ಹಾರಿತ್ತಲ್ಲ, ಅದನ್ನು ಒರೆಸಲು ಸ್ಪಿರಿಟ್ ಬೇಕಾಯಿತು. ಮತ್ತೆ ಅದೇ ಮೆಡಿಕಲ್ ಶಾಪ್. ಬೆಳಿಗ್ಗೆ ಸಿರಿಂಜ್, ಸಂಜೆ ಸ್ಪಿರಿಟ್. ಅವನು ಈ ಸಲ ಯಾರಿಗೆ ಅಂತ ಕೇಳಲಿಲ್ಲ. "ಈಗ ಹೆಂಗೈತ್ರಿ ಸಾರ್ ಅದಕ್ಕೆ?" ಅಂದ.

ಈಗ ಲಿವರ್ ಕಲ್ಲಿನ ಹಾಗೆ ಗಟ್ಟಿ. ಎರಡು ಬೆರಳು ಸಾಕು. ಮಿರ್ಚಿ ಬಂಡಿ ಮುಂದೆ ಎಲ್ಲಿ ಬೇಕೋ ಅಲ್ಲೇ ನಿಲ್ಲುತ್ತದೆ.

ನೀಲಿ ಬಿದ್ದ ಸಂಡಿಗೆಗಳನ್ನು ಅತ್ತೆ ಆರಿಸಿ ಎಸೆದರು. ಎಲ್ಲವನ್ನೂ ಎಸೆದಿದ್ದೇನೆ ಅಂತ ಆಣೆ ಮಾಡಿ ಹೇಳುತ್ತಾರೆ. ಆದರೂ ಊಟಕ್ಕೆ ಕೂತಾಗ ಮಾವ ಸಂಡಿಗೆಯನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ನೋಡಿ, ಆಮೇಲೇ ಬಾಯಿಗೆ ಹಾಕಿಕೊಳ್ಳುತ್ತಾರೆ.