ತ್ಯಾಜ್ಯ ಬೇರ್ಪಡಿಸುವ ಕೆಲಸ ಹಾಸಿಗೆಯ ಪಕ್ಕದಲ್ಲೇ ಆಗಬೇಕು

ಸರ್ಕಾರಿ ಆಸ್ಪತ್ರೆಗಳ ವೈದ್ಯಕೀಯ ತ್ಯಾಜ್ಯಕ್ಕೆ ಹೊಸ ದಹನ ಯಂತ್ರಗಳೇ ಪರಿಹಾರವೆಂದು ಲೇಖನವೊಂದರಲ್ಲಿ ಓದಿದೆ; ಅದರ ಲೇಖಕರ ಈ ಅಭಿಪ್ರಾಯವನ್ನು ನಾನು ಒಪ್ಪಲಾರೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ, 75 ಕಿಲೋಮೀಟರ್ ಒಳಗೆ ಹಲವು ಆಸ್ಪತ್ರೆಗಳ ತ್ಯಾಜ್ಯವನ್ನು ಒಂದೆಡೆ ಸಂಸ್ಕರಿಸುವ ಸಾಮೂಹಿಕ ಘಟಕದ ಸೇವೆ ಸಿಗುವುದಾದರೆ ಆಸ್ಪತ್ರೆ ತನ್ನ ಆವರಣದಲ್ಲಿ ಪ್ರತ್ಯೇಕ ಘಟಕ ಸ್ಥಾಪಿಸುವಂತೆಯೇ ಇಲ್ಲ.

ತೊಂದರೆ ಇರುವುದು ತ್ಯಾಜ್ಯವನ್ನು ಬೇರೆ ಬೇರೆ ಬಣ್ಣದ ಚೀಲಗಳಿಗೆ ಹಾಕುವ ವಾರ್ಡಿನಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಆಸ್ಪತ್ರೆಯ ತ್ಯಾಜ್ಯದಲ್ಲಿ ಸುಮಾರು ಶೇ. 85ರಷ್ಟು ಸಾಮಾನ್ಯ ಕಸವೇ. ಆದರೆ ಊಟದ ಎಲೆ, ಕಾಗದಗಳ ನಡುವೆ ರಕ್ತಸಿಕ್ತ ಹತ್ತಿಯ ಒಂದು ಉಂಡೆ ಬಿದ್ದರೂ ಆ ಚೀಲವನ್ನೆಲ್ಲ ಸೋಂಕಿನ ತ್ಯಾಜ್ಯವೆಂದೇ ನೋಡಬೇಕಾಗುತ್ತದೆ. ಕೆಂಪು ಚೀಲಕ್ಕೆ ಹೋಗಬೇಕಾದ ಡ್ರಿಪ್ ಕೊಳವೆ, ಕೈಗವಸುಗಳು ಬಿಸಿ ಹಬೆಯಿಂದ ಸೋಂಕು ಕಳೆಯುವ ಯಂತ್ರವಾದ ಆಟೋಕ್ಲೇವ್‌ನಲ್ಲಿ ಶುದ್ಧಗೊಂಡು, ಚೂರಾಗಿ, ಮರುಬಳಕೆಗೆ ಸಲ್ಲುತ್ತವೆ. ಅವೇ ಸುಡಲು ಹೋಗುವ ಹಳದಿ ಚೀಲ ಸೇರಿದರೆ, ಪಿವಿಸಿ ಎಂಬ ಪ್ಲಾಸ್ಟಿಕ್ಕಿನಲ್ಲಿರುವ ಕ್ಲೋರಿನ್ ಬೆಂಕಿಯಲ್ಲಿ ಡಯಾಕ್ಸಿನ್‌ನಂತಹ ವಿಷವಾಗಿ ಸುತ್ತಲಿನ ಊರುಗಳ ಗಾಳಿಗೆ ಸೇರಬಹುದು. ದಹನ ಯಂತ್ರ ಎಷ್ಟೇ ಹೊಸದಾದರೂ ಚೀಲದೊಳಗಿನ ಈ ತಪ್ಪನ್ನು ತಿದ್ದಲಾರದು.

ನನ್ನನ್ನು ಹೆಚ್ಚು ಕಾಡುವುದು ಆ ಚೀಲಗಳನ್ನು ಹೊರುವವರ ಸ್ಥಿತಿ. ಬಿಳಿಯ, ಚುಚ್ಚಿದರೂ ತೂತಾಗದ ಡಬ್ಬಿಗೆ ಬೀಳಬೇಕಾದ ಸೂಜಿ ತೆಳುವಾದ ಚೀಲದಲ್ಲಿ ಉಳಿದರೆ, ಅದು ಚುಚ್ಚುವುದು ಬಹುತೇಕ ಗುತ್ತಿಗೆಯ ಮೇಲೆ ದುಡಿಯುವ ಸ್ವಚ್ಛತಾ ಸಿಬ್ಬಂದಿಯ ಕೈಗೆ. ಅವರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಕೊಡಿಸಬೇಕೆಂದು ನಿಯಮವೇ ಹೇಳುತ್ತದೆ. ಗುತ್ತಿಗೆದಾರರು ಬದಲಾದಾಗ ಸಿಬ್ಬಂದಿಯೂ ಬದಲಾಗುವುದರಿಂದ, ಲಸಿಕೆ ಮತ್ತು ತರಬೇತಿಯ ದಾಖಲೆಯನ್ನು ಆಸ್ಪತ್ರೆಯೇ ಇಟ್ಟುಕೊಂಡು, ಅದನ್ನು ಪರಿಶೀಲಿಸಿದ ನಂತರವೇ ಗುತ್ತಿಗೆಯ ಬಿಲ್ ಪಾವತಿಸುವ ಷರತ್ತನ್ನು ಒಪ್ಪಂದದಲ್ಲೇ ಸೇರಿಸಬೇಕು.